ಬಲದ ಭ್ರಾಮಕವೂ ಕಲ್ಹಟ್ಟಿಯ ತಿರುವುಗಳೂ

ಪ್ರೌಢಶಾಲೆಯ ಭೌತವಿಜ್ಞಾನದಲ್ಲಿ ‘ಬಲದ ಭ್ರಾಮಕ’ ಎಂಬ ಪಾಠವನ್ನು ನಾವೆಲ್ಲರೂ ಓದಿದ್ದೇವೆ. ಪರೀಕ್ಷೆ ಮುಗಿದೊಡನೆ ಹಲವರು ಅದನ್ನು ಮರೆತಿರಲೂಬಹುದು. ಆದರೆ ಬೆಟ್ಟದ ದಾರಿಗಳಲ್ಲಿ ನಿತ್ಯ ಸಂಚರಿಸುವ ನೀಲಗಿರಿಯ ಜನರು ಮರೆಯಬಾರದ ಪಾಠ ಅದೆಂದು ನಾನು ಭಾವಿಸುತ್ತೇನೆ.

ಬಾಗಿಲನ್ನು ಕೀಲಿನ ಬಳಿ ತಳ್ಳುವುದು ಕಷ್ಟ, ಅಂಚಿನಲ್ಲಿ ತಳ್ಳುವುದು ಸುಲಭ. ಬಲ ಮತ್ತು ತಿರುಗುವ ಬಿಂದುವಿನಿಂದ ಆ ಬಲದ ರೇಖೆಗಿರುವ ಲಂಬದೂರ, ಇವೆರಡರ ಗುಣಲಬ್ಧವೇ ಭ್ರಾಮಕ. ಕೀಲಿನಿಂದ 80 ಸೆಂ.ಮೀ. ದೂರದಲ್ಲಿ 10 ನ್ಯೂಟನ್ ಬಲ ಉಂಟುಮಾಡುವ ಪರಿಣಾಮವನ್ನು 20 ಸೆಂ.ಮೀ. ದೂರದಲ್ಲಿ ಪಡೆಯಲು 40 ನ್ಯೂಟನ್ ಬೇಕು. ಪರಸ್ಪರ ವಿರುದ್ಧ ದಿಕ್ಕಿನ ಭ್ರಾಮಕಗಳು ಸಮನಾಗಿದ್ದರೆ ನಿಂತ ವಸ್ತು ತಿರುಗದು. ಇದೇ ಸಮತೋಲನದ ತತ್ವ.

ಉದಗಮಂಡಲದಿಂದ ಮಸಿನಗುಡಿಗೆ ಇಳಿಯುವ ಕಲ್ಹಟ್ಟಿ ಘಾಟಿಯಲ್ಲಿ 36 ಹಿಮ್ಮುರಿ ತಿರುವುಗಳಿವೆ. ತಿರುವಿನಲ್ಲಿ ನಮ್ಮನ್ನು ಯಾರೋ ಹೊರಬದಿಗೆ ದೂಡಿದಂತಾಗುತ್ತದೆ. ಈ ದೂಡಿಕೆ ವಾಹನದ ಗುರುತ್ವ ಕೇಂದ್ರದಲ್ಲಿ ವರ್ತಿಸುತ್ತದೆಂದು ಎಣಿಸಬಹುದು. ಅದು ಹೊರಬದಿಯ ಚಕ್ರಗಳ ಮೇಲೆ ವಾಹನವನ್ನು ಮಗುಚಲು ಹವಣಿಸುತ್ತದೆ; ಗುರುತ್ವ ಕೇಂದ್ರದ ಎತ್ತರವೇ ಅದರ ಲಂಬದೂರ. ವಾಹನದ ತೂಕ ಅದನ್ನು ತಡೆಯುತ್ತದೆ. ಅದರ ಲಂಬದೂರ ಎಡಬಲ ಚಕ್ರಗಳ ನಡುವಣ ಅಂತರದ ಅರ್ಧ ಮಾತ್ರ.

ಒಂದು ಲೆಕ್ಕ ಮಾಡೋಣ. ತಿರುವಿನ ತ್ರಿಜ್ಯ 15 ಮೀಟರ್, ಲಾರಿಯ ಚಕ್ರಗಳ ಅಂತರದ ಅರ್ಧ 0.9 ಮೀಟರ್, ಗುರುತ್ವ ಕೇಂದ್ರದ ಎತ್ತರ 1.2 ಮೀಟರ್ ಎಂದಿಟ್ಟುಕೊಳ್ಳಿ. ರಸ್ತೆ ಸಮತಟ್ಟಾಗಿದ್ದು ಚಕ್ರಗಳು ಜಾರದಿದ್ದರೆ, ಗಂಟೆಗೆ ಸುಮಾರು 38 ಕಿ.ಮೀ. ವೇಗದವರೆಗೆ ಲಾರಿ ಮಗುಚದು. ಅದೇ ತೂಕದ ಸರಕನ್ನು ಎತ್ತರಕ್ಕೆ ಪೇರಿಸಿ ಗುರುತ್ವ ಕೇಂದ್ರವನ್ನು 1.8 ಮೀಟರಿಗೆ ಏರಿಸಿದರೆ ಈ ಮಿತಿ ಸುಮಾರು 31 ಕಿ.ಮೀ.ಗೆ ಇಳಿಯುತ್ತದೆ. ಎಂದರೆ, 35 ಕಿ.ಮೀ. ವೇಗದಲ್ಲಿ ಮೊದಲ ಲಾರಿ ತಿರುವನ್ನು ದಾಟುತ್ತದೆ, ಎರಡನೆಯದು ಉರುಳುತ್ತದೆ. ಸ್ಪ್ರಿಂಗುಗಳ ಓಲಾಟ ಮತ್ತು ಸರಕಿನ ಅಲುಗಾಟದಿಂದ ನಿಜವಾದ ಮಿತಿ ಇನ್ನೂ ಕಡಿಮೆ.

ವೇಗದ ಪಾತ್ರವೂ ಗಮನಾರ್ಹ. ಅದು ಇಮ್ಮಡಿಯಾದರೆ ಹೊರದೂಡಿಕೆ ನಾಲ್ಮಡಿಯಾಗುತ್ತದೆ. ತಡೆಯುವ ತೂಕವಾದರೋ ಇದ್ದಷ್ಟೇ ಇರುತ್ತದೆ.

ಆದ್ದರಿಂದ ಆಲೂಗಡ್ಡೆಯ ಮೂಟೆಗಳು ಕೆಳಗಿರಲಿ, ಹಗುರವಾದ ಸರಕು ಮೇಲಿರಲಿ. ಎಲ್ಲವನ್ನೂ ಹಗ್ಗದಿಂದ ಬಿಗಿದಿರಲಿ. ತಿರುವಿಗೆ ಮುಂಚೆಯೇ ಕೆಳಗಿನ ಗೇರಿಗೆ ಇಳಿದು ವೇಗ ತಗ್ಗಿಸಿರಲಿ. ನಮ್ಮ ಶಾಲೆಯಲ್ಲಿ ಕಲಿತು ಇಂದು ವಾಹನ ನಡೆಸುತ್ತಿರುವ, ಸರಕು ಸಾಗಿಸುತ್ತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಈ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ನನ್ನ ವಿನಂತಿ ಇದೊಂದೇ: ಈ ಪಾಠವನ್ನು ನಿಮ್ಮ ಮಕ್ಕಳಿಗೂ, ಜೊತೆಗಾರರಿಗೂ ತಿಳಿಸಿಕೊಡಿ.