ನಾಯಿಯ ಹಿಮ್ಮುಖ ಸೀನು: ಗಾಬರಿ ಬೇಡ, ಗಮನವಿರಲಿ

ಒಂದು ಕಾಲಕ್ಕೆ ನಮ್ಮ ಮನೆಗಳಲ್ಲಿ ನಾಯಿಯ ಸ್ಥಾನ ಅಂಗಳದಲ್ಲಿತ್ತು. ಹೊಲದ ಗುಡಿಸಲನ್ನು, ಕಣದಲ್ಲಿ ಒಟ್ಟಿದ ರಾಶಿಯನ್ನು, ಹಿತ್ತಲಿನ ದನದ ಕೊಟ್ಟಿಗೆಯನ್ನು ಕಾಯುವುದು ಅದರ ಕಾಯಕವಾಗಿತ್ತು. ರಾತ್ರಿ ಉಳಿದ ರೊಟ್ಟಿ, ಮಜ್ಜಿಗೆ ಅದರ ಪಾಲಿಗೆ ಬರುತ್ತಿದ್ದವು. ಅದು ಕೆಮ್ಮಿತೋ ಸೀನಿತೋ ಯಾರೂ ಲೆಕ್ಕಕ್ಕೆ ಇಡುತ್ತಿರಲಿಲ್ಲ. ಇಂದು ನಗರಗಳ ಮನೆಗಳಲ್ಲಿ ನಾಯಿ ಅಂಗಳವನ್ನು ದಾಟಿ ನಡುಮನೆಗೆ ಬಂದಿದೆ. ಮಕ್ಕಳ ಜೊತೆಗಾರನಾಗಿ, ಮಕ್ಕಳು ದೂರದೂರಿಗೆ ಹೋದ ಮನೆಗಳಲ್ಲಿ ಹಿರಿಯರ ಒಂಟಿತನಕ್ಕೆ ಆಸರೆಯಾಗಿ ಅದು ಕುಟುಂಬದ ಸದಸ್ಯನೇ ಆಗಿದೆ. ಹೀಗಿರುವಾಗ ಅದರ ಉಸಿರಾಟದಲ್ಲಿ ತುಸು ಏರುಪೇರಾದರೂ ಮನೆಮಂದಿಯೆಲ್ಲ ತಳಮಳಗೊಳ್ಳುವುದು ಸಹಜ.

ಇಂಥ ತಳಮಳಕ್ಕೆ ಎಡೆಮಾಡುವ ಒಂದು ವಿಚಿತ್ರ ಸ್ಥಿತಿಯಿದೆ. ಆಡುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಮುಂಗಾಲುಗಳನ್ನು ಅಗಲಿಸಿ, ಕತ್ತನ್ನು ಮುಂದಕ್ಕೆ ಚಾಚಿ, ತುಟಿಗಳನ್ನು ಹಿಂದಕ್ಕೆಳೆದು ಮೂಗಿನ ಮೂಲಕ ಗೊರಗೊರ ಸದ್ದು ಮಾಡುತ್ತ ಒಂದೇ ಸಮನೆ ಉಸಿರನ್ನು ಒಳಗೆಳೆದುಕೊಳ್ಳುತ್ತದೆ. ಕಣ್ಣುಗುಡ್ಡೆಗಳು ಹೊರಗೆ ಬಂದಂತೆ ಕಾಣುತ್ತವೆ. ನೋಡುವವರಿಗೆ ಅದರ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ, ಇನ್ನೇನು ಪ್ರಾಣ ಹೋಗಿಯೇ ಬಿಡುತ್ತದೆ ಎನಿಸುತ್ತದೆ. ಆದರೆ ಕೆಲವು ಕ್ಷಣಗಳಲ್ಲಿ, ಹೆಚ್ಚೆಂದರೆ ಒಂದೆರಡು ನಿಮಿಷಗಳಲ್ಲಿ ಎಲ್ಲವೂ ನಿಲ್ಲುತ್ತದೆ. ನಾಯಿ ಒಮ್ಮೆ ಗುಟುಕು ನುಂಗಿ, ಏನೂ ಆಗಿಲ್ಲವೆಂಬಂತೆ ಬಾಲವಾಡಿಸುತ್ತ ತನ್ನ ಆಟಕ್ಕೆ ಮರಳುತ್ತದೆ. ಇದಕ್ಕೆ ಪಶುವೈದ್ಯರು ಇಂಗ್ಲಿಷಿನಲ್ಲಿ ‘ರಿವರ್ಸ್ ಸ್ನೀಜಿಂಗ್’ ಎನ್ನುತ್ತಾರೆ. ಕನ್ನಡದಲ್ಲಿ ನಾವು ಇದನ್ನು ‘ಹಿಮ್ಮುಖ ಸೀನು’ ಎಂದು ಕರೆಯಬಹುದು.

ಈ ಸೀನು ತಾನಾಗಿ ನಾಯಿಗೆ ಕೇಡು ಮಾಡುವುದು ಅಪರೂಪ. ಆದರೆ ಅದನ್ನು ಕಂಡು ಗಾಬರಿಗೊಂಡ ಮನೆಯವರು ಕೈಗೊಳ್ಳುವ ಉಪಾಯಗಳು ನಾಯಿಗೂ ಅವರಿಗೂ ಅಪಾಯ ತರಬಲ್ಲವು. ಆದ್ದರಿಂದ ನಾಯಿ ಸಾಕಿರುವ ಕುಟುಂಬಗಳು ಇದರ ಸ್ವರೂಪವನ್ನು ಮುಂಚಿತವಾಗಿಯೇ ಅರಿತಿರುವುದು ಒಳಿತು.

ಒಳಗೆ ನಡೆಯುವುದೇನು?

ಸಾಮಾನ್ಯ ಸೀನಿನ ಕೆಲಸ ನಮಗೆಲ್ಲ ಗೊತ್ತಿರುವುದೇ. ಮೂಗಿನ ಮುಂಭಾಗದಲ್ಲಿ ಧೂಳು ಸೇರಿದರೆ ಶರೀರವು ಗಾಳಿಯನ್ನು ರಭಸದಿಂದ ಹೊರದೂಡಿ ಅದನ್ನು ಹೊರಹಾಕುತ್ತದೆ. ಕಿರಿಕಿರಿಯುಂಟುಮಾಡುವ ವಸ್ತು ಮೂಗಿನ ಹಿಂಭಾಗದಲ್ಲಿ, ಎಂದರೆ ಮೆದು ಅಂಗುಳಿನ ಮೇಲ್ಗಡೆ, ಮೂಗು ಮತ್ತು ಗಂಟಲು ಕೂಡುವ ಜಾಗದಲ್ಲಿ ಸೇರಿಕೊಂಡರೆ ಹೊರದೂಡುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಅಲ್ಲಿರುವ ಕಫವನ್ನಾಗಲಿ ಕಣವನ್ನಾಗಲಿ ಒಳಕ್ಕೆಳೆದು ಗಂಟಲಿಗೆ ತಂದು ನುಂಗಿಬಿಡುವುದೇ ಸುಲಭದ ದಾರಿ. ಅದಕ್ಕಾಗಿ ನಾಯಿಯ ಶರೀರವು ಗಾಳಿಯನ್ನು ಮೂಗಿನಿಂದ ಬಲವಾಗಿ, ಮೇಲಿಂದ ಮೇಲೆ ಒಳಗೆಳೆಯುತ್ತದೆ. ಕೊನೆಯಲ್ಲಿ ನಾಯಿ ಗುಟುಕು ನುಂಗುವುದು ಈ ಕಾರಣದಿಂದಲೇ. ಇದು ರೋಗವಲ್ಲ, ಶರೀರವು ತನ್ನ ಉಸಿರಿನ ದಾರಿಯನ್ನು ತಾನೇ ಗುಡಿಸಿಕೊಳ್ಳುವ ಒಂದು ಅನೈಚ್ಛಿಕ ಕ್ರಿಯೆ.

ಸಣ್ಣ ಗಾತ್ರದ ನಾಯಿಗಳಲ್ಲಿಯೂ ಮೊಂಡುಮೂಗಿನ ಜಾತಿಗಳಲ್ಲಿಯೂ ಇದು ಹೆಚ್ಚಾಗಿ ಕಂಡುಬರುತ್ತದೆ. 2003ರಲ್ಲಿ ದೂರದರ್ಶನದ ಪರದೆಯ ಮೇಲೆ ಬಂದ ಮೊಬೈಲ್ ಫೋನಿನ ಜಾಹೀರಾತೊಂದರಿಂದ ನಮ್ಮ ದೇಶದಲ್ಲಿ ಪಗ್ ಜಾತಿಯ ನಾಯಿ ಮನೆಮಾತಾಯಿತು. ಚಪ್ಪಟೆ ಮುಖದ ಈ ನಾಯಿಗಳಲ್ಲಿ ಬಾಯಿಯ ಮೇಲ್ಭಾಗದ ಮೆದು ಅಂಗುಳು ತಲೆಬುರುಡೆಯ ಅಳತೆಗಿಂತ ಉದ್ದವಾಗಿರುವುದರಿಂದ ಇಂಥ ಸದ್ದು ಸಾಮಾನ್ಯ. ಹಾಗೆಂದು ಉದ್ದ ಮೂತಿಯ ನಾಯಿಗಳು ಇದರಿಂದ ಮುಕ್ತವಲ್ಲ. ಊರನಾಯಿಗೂ ಇದು ಬರಬಹುದು, ಬಾಗಲಕೋಟೆ ಜಿಲ್ಲೆಗೆ ಕೀರ್ತಿ ತಂದ ಮುಧೋಳ ನಾಯಿಗೂ ಬರಬಹುದು.

ಕಾರಣಗಳು ನಮ್ಮ ಮನೆಯಲ್ಲಿಯೇ

ಹಿಮ್ಮುಖ ಸೀನನ್ನು ಪ್ರಚೋದಿಸುವ ವಸ್ತುಗಳು ಬಹುಮಟ್ಟಿಗೆ ನಮ್ಮ ದಿನಬಳಕೆಯವೇ. ನಾಯಿಯ ಘ್ರಾಣಶಕ್ತಿ ನಮ್ಮದಕ್ಕಿಂತ ಎಷ್ಟೋ ಪಟ್ಟು ಸೂಕ್ಷ್ಮ. ನಮಗೆ ಹಿತವಾದ ಪರಿಮಳ ಅದಕ್ಕೆ ಹಿಂಸೆಯಾಗಬಹುದು. ಪೂಜೆಯ ಕೋಣೆಯ ಊದುಬತ್ತಿ, ಲೋಬಾನದ ಹೊಗೆ, ಸೊಳ್ಳೆಬತ್ತಿ, ಅತ್ತರು, ನೆಲ ಒರೆಸುವ ಫಿನಾಯಿಲಿನ ಗಾಟು, ಒಣಮೆಣಸಿನಕಾಯಿ ಒಗ್ಗರಣೆಯ ಘಾಟು, ಮನೆಗೆ ಹೊಸದಾಗಿ ಬಳಿದ ಬಣ್ಣ ಇವೆಲ್ಲವೂ ಮೂಗಿನ ಹಿಂಭಾಗವನ್ನು ಕೆರಳಿಸುತ್ತವೆ. ಹಳ್ಳಿಯಲ್ಲಾದರೆ ಜೋಳದ ರಾಶಿ ಮಾಡುವಾಗ ಏಳುವ ಧೂಳು, ಹೊಟ್ಟು, ಹೂವಿನ ಪರಾಗಗಳೂ ಈ ಕೆಲಸ ಮಾಡುತ್ತವೆ.

ಕತ್ತಿನ ಪಟ್ಟಿ ಇನ್ನೊಂದು ಕಾರಣ. ಬೆಳಗಿನ ತಿರುಗಾಟದಲ್ಲಿ ನಾಯಿ ಮುಂದಕ್ಕೆ ಜಗ್ಗುತ್ತದೆ, ಯಜಮಾನ ಹಿಂದಕ್ಕೆ ಎಳೆಯುತ್ತಾನೆ, ಗಂಟಲ ಮೇಲೆ ಒತ್ತಡ ಬಿದ್ದು ಸೀನು ಆರಂಭವಾಗುತ್ತದೆ. ಗಬಗಬನೆ ತಿನ್ನುವುದು, ಆತುರದಿಂದ ನೀರು ಕುಡಿಯುವುದು, ಬಾಗಿಲಲ್ಲಿ ಬಂಧುಗಳನ್ನು ಕಂಡ ಉತ್ಸಾಹ, ಬೆಚ್ಚಗಿನ ಕೋಣೆಯಿಂದ ಒಮ್ಮೆಲೇ ಚಳಿಗಾಳಿಗೆ ಬರುವುದು ಇವೂ ಸಾಕು.

ಕೆಲವೊಮ್ಮೆ ಕಾರಣ ಇದಕ್ಕಿಂತ ಗಂಭೀರವಾಗಿರುತ್ತದೆ. ಹುಲ್ಲಿನ ಊಬು ಮೂಗಿನೊಳಗೆ ನಾಟಿಕೊಂಡಿರಬಹುದು. ಮೇಲ್ದವಡೆಯ ಹಲ್ಲಿನ ಬೇರು ಕೊಳೆತು ಅದರ ಕೀವು ಮೂಗಿನ ಕಡೆಗೆ ಹರಿಯುತ್ತಿರಬಹುದು. ಮೂಗಿನಲ್ಲಿ ಕಣ್ಣಿಗೆ ಕಂಡೂ ಕಾಣದಂಥ ನುಸಿಗಳು ಸೇರಿಕೊಂಡಿರಬಹುದು. ವಯಸ್ಸಾದ ನಾಯಿಗಳಲ್ಲಿ ಗೆಡ್ಡೆ ಬೆಳೆದಿರುವ ಸಾಧ್ಯತೆಯೂ ಉಂಟು. ಇಂಥ ಸಂದರ್ಭಗಳಲ್ಲಿ ಸೀನು ಮತ್ತೆ ಮತ್ತೆ ಬರುತ್ತದೆ, ಬರಬರುತ್ತ ಹೆಚ್ಚುತ್ತದೆ.

ಆ ಹೊತ್ತಿನಲ್ಲಿ ಮಾಡಬೇಕಾದುದು

ಮೊದಲನೆಯದಾಗಿ ಮನೆಯವರು ಸಮಾಧಾನದಿಂದಿರಬೇಕು. ಸುತ್ತ ನೆರೆದು ಕೂಗಾಡಿದರೆ ನಾಯಿಯ ಅಂಜಿಕೆ ಹೆಚ್ಚಿ ಸೀನೂ ಹೆಚ್ಚುತ್ತದೆ. ಮಕ್ಕಳನ್ನು ತುಸು ದೂರ ಸರಿಸಿ, ಒಬ್ಬರು ಮಾತ್ರ ಹತ್ತಿರ ಕುಳಿತು ಮೆಲುದನಿಯಲ್ಲಿ ಮಾತಾಡಿಸುತ್ತ ಅದರ ಗಂಟಲನ್ನು ಮೇಲಿನಿಂದ ಕೆಳಕ್ಕೆ ಮೃದುವಾಗಿ ನೇವರಿಸಬೇಕು. ನಾಯಿ ಗುಟುಕು ನುಂಗಿದರೆ ಸಾಮಾನ್ಯವಾಗಿ ಸೀನು ನಿಲ್ಲುತ್ತದೆ. ಬೆರಳಿಗೆ ತುಸು ಮೊಸರು ಹಚ್ಚಿ ನೆಕ್ಕಲು ಹಿಡಿಯುವುದು ಇದೇ ಉದ್ದೇಶಕ್ಕಾಗಿ. ಕೆಲವು ವೈದ್ಯರು ಮೂಗಿನ ಹೊಳ್ಳೆಗಳನ್ನು ಒಂದೆರಡು ಕ್ಷಣ ಬೆರಳಿನಿಂದ ಮುಚ್ಚಲು ಹೇಳುವುದುಂಟು. ಹಾಗೆ ಮಾಡಿದಾಗ ನಾಯಿ ಬಾಯಿ ತೆರೆದು ನುಂಗುತ್ತದೆ. ಆದರೆ ಚಪ್ಪಟೆ ಮುಖದ ನಾಯಿಗೆ, ಮೊದಲೇ ಉಸಿರಾಟದ ತೊಂದರೆಯಿರುವ ನಾಯಿಗೆ, ಮೂತಿ ಮುಟ್ಟಿದರೆ ಸಿಡುಕುವ ನಾಯಿಗೆ ಈ ಉಪಾಯ ಬೇಡ. ಏನನ್ನೂ ಮಾಡದೆ ಸುಮ್ಮನೆ ಕಾದರೂ ಬಹುಪಾಲು ಸೀನುಗಳು ತಾವಾಗಿಯೇ ಅಡಗುತ್ತವೆ.

ಹೊಗೆ, ಘಾಟು ಕಾರಣವೆಂದು ತೋರಿದರೆ ನಾಯಿಯನ್ನು ಶುದ್ಧ ಗಾಳಿಗೆ ಕರೆದೊಯ್ಯಬೇಕು. ಕತ್ತಿನ ಪಟ್ಟಿ ಬಿಗಿಯಾಗಿದ್ದರೆ ಸಡಿಲಿಸಬೇಕು. ಸಾಧ್ಯವಾದರೆ ಮನೆಯ ಇನ್ನೊಬ್ಬರು ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಲಿ. ವೈದ್ಯರ ಮುಂದೆ ನಿಂತಾಗ ನಾಯಿ ಸೀನುವುದೇ ಇಲ್ಲ. ನಾವು ಬಾಯಿಮಾತಿನಲ್ಲಿ ಬಣ್ಣಿಸುವುದಕ್ಕಿಂತ ಅರ್ಧ ನಿಮಿಷದ ಆ ಚಿತ್ರ ವೈದ್ಯರಿಗೆ ಹೆಚ್ಚು ತಿಳಿಸುತ್ತದೆ.

ಮಾಡಬಾರದುದು

ಬಾಯಿಗೆ ನೀರು ಹುಯ್ಯಬಾರದು. ಉಸಿರನ್ನು ಒಳಗೆಳೆಯುತ್ತಿರುವ ಪ್ರಾಣಿಯ ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿಯುವ ಭಯವಿದೆ. ಬೆನ್ನಿಗೆ ಗುದ್ದಬಾರದು. ಮೂಗಿಗೆ ಕರ್ಪೂರ, ನೆಗಡಿಯ ಮುಲಾಮು ಹಿಡಿಯಬಾರದು. ಕರ್ಪೂರ ನಾಯಿಗೆ ವಿಷ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಮುಂತಾದ ಮನುಷ್ಯರ ಮಾತ್ರೆಗಳನ್ನು ಕೊಡಬಾರದು. ಮೂಗಿನ ನುಸಿ ಇರಬಹುದೆಂದು ಶಂಕಿಸಿ ಅಂಗಡಿಯಿಂದ ಐವರ್‌ಮೆಕ್ಟಿನ್ ತಂದು ಕೊಡುವುದೂ ಸಲ್ಲ. ಕೋಲೀ ಮುಂತಾದ ಕೆಲವು ಜಾತಿಯ ನಾಯಿಗಳಿಗೆ ಅದು ಪ್ರಾಣಾಂತಿಕವಾಗಬಲ್ಲದು.

ಎಲ್ಲಕ್ಕಿಂತ ಮುಖ್ಯವಾಗಿ, ಎಲುಬೋ ಕಡ್ಡಿಯೋ ಸಿಕ್ಕಿರಬೇಕೆಂದು ನಾಯಿಯ ಗಂಟಲಿಗೆ ಕೈಹಾಕಬಾರದು. ಈ ಎಚ್ಚರಿಕೆಗೆ ಒಂದು ಘೋರ ಕಾರಣವಿದೆ. ಹುಚ್ಚುನಾಯಿ ರೋಗವೆಂದು ನಾವು ಕರೆಯುವ ರೇಬೀಸ್ ಯಾವಾಗಲೂ ಕಚ್ಚಲು ಓಡಿಬರುವ ರೂಪದಲ್ಲಿ ಇರುವುದಿಲ್ಲ. ಅದರ ಇನ್ನೊಂದು ರೂಪದಲ್ಲಿ ನಾಯಿಯ ಗಂಟಲಿಗೆ, ದವಡೆಗೆ ಪಾರ್ಶ್ವವಾಯು ಬಡಿಯುತ್ತದೆ. ದವಡೆ ಜೋತುಬಿದ್ದು, ಜೊಲ್ಲು ಸುರಿದು, ನುಂಗಲಾಗದೆ, ದನಿ ಬದಲಾಗಿ ಅದು ಗಂಟಲಲ್ಲಿ ಎಲುಬು ಸಿಕ್ಕಿದಂತೆಯೇ ತೋರುತ್ತದೆ. ಕನಿಕರದಿಂದ ಬಾಯಿಗೆ ಕೈಹಾಕಿದವರ ಗೀರುಗಾಯಕ್ಕೆ ಆ ಜೊಲ್ಲು ತಗುಲಿದರೆ ಪ್ರಾಣಕ್ಕೇ ಕುತ್ತು. ರೋಗದ ಲಕ್ಷಣಗಳು ಮೂಡಿದ ಮೇಲೆ ಮನುಷ್ಯನನ್ನು ಉಳಿಸುವುದು ಬಹುತೇಕ ಅಸಾಧ್ಯ. ಅಂಥ ಸಂಪರ್ಕವಾಗಿದ್ದರೆ ಗಾಯವನ್ನು ಹರಿಯುವ ನೀರು, ಸಾಬೂನಿನಿಂದ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು.

ಹಾಗೆಯೇ ಇದರ ಇನ್ನೊಂದು ಮಗ್ಗುಲನ್ನೂ ನೆನೆಯಬೇಕು. ಹಿಮ್ಮುಖ ಸೀನು ರೇಬೀಸ್ ಅಲ್ಲ. ಸೀನು ಮುಗಿದೊಡನೆ ನಾಯಿ ಎಂದಿನಂತೆ ಉಣ್ಣುತ್ತದೆ, ನೀರು ಕುಡಿಯುತ್ತದೆ, ಕರೆದರೆ ಬರುತ್ತದೆ. ರೇಬೀಸಿನಲ್ಲಿ ಹೀಗೆ ಚೇತರಿಸಿಕೊಳ್ಳುವುದೆಂಬುದಿಲ್ಲ. ದಿನದಿಂದ ದಿನಕ್ಕೆ ಸ್ಥಿತಿ ಕೆಡುತ್ತದೆ. ಈ ವ್ಯತ್ಯಾಸವನ್ನು ತಿಳಿಯದೆ ಆರೋಗ್ಯವಂತ ನಾಯಿಗೆ ಹುಚ್ಚು ಹಿಡಿದಿದೆಯೆಂದು ಬಗೆದು ಹೊರಗಟ್ಟುವುದು ಅನ್ಯಾಯ.

ಬೇರೆ ರೋಗಗಳ ಗುರುತು

ಉಸಿರಿನ ಸದ್ದೆಲ್ಲವೂ ಹಿಮ್ಮುಖ ಸೀನಲ್ಲ. ಪೊಮೆರೇನಿಯನ್‌ನಂಥ ಪುಟ್ಟ ನಾಯಿಗಳಲ್ಲಿ ಶ್ವಾಸನಾಳದ ಉಂಗುರಗಳು ಸಡಿಲಗೊಂಡು ಕುಸಿಯುವ ಕಾಯಿಲೆಯಿದೆ. ಅದರಲ್ಲಿ ಬಾತುಕೋಳಿ ಕೂಗಿದಂಥ ಒಣಕೆಮ್ಮು ಬರುತ್ತದೆ. ಹಲವು ನಾಯಿಗಳನ್ನು ಒಟ್ಟಿಗೆ ಇರಿಸಿದ ಕಡೆ ಹರಡುವ ಸಾಂಕ್ರಾಮಿಕ ಕೆಮ್ಮು ದಿನಗಟ್ಟಲೆ ಉಳಿಯುತ್ತದೆ. ಕೆಮ್ಮಿದ ಬಳಿಕ ನಾಯಿ ವಾಂತಿ ಮಾಡುವಂತೆ ಹೊಟ್ಟೆ ಹಿಂಡುತ್ತದೆ. ಮುದಿನಾಯಿ ರಾತ್ರಿ ಮಲಗಿದಾಗ ಕೆಮ್ಮುತ್ತ, ನಾಲ್ಕು ಹೆಜ್ಜೆ ನಡೆದರೆ ದಣಿಯುತ್ತಿದ್ದರೆ ಹೃದಯದ ದೋಷವನ್ನು ಶಂಕಿಸಬೇಕು. ನಿಜವಾಗಿ ಗಂಟಲಲ್ಲಿ ವಸ್ತು ಸಿಕ್ಕಿದ ನಾಯಿ ಬಾಯಿಯನ್ನು ಮುಂಗಾಲಿನಿಂದ ಕೆರೆದುಕೊಳ್ಳುತ್ತದೆ, ಉಸಿರಾಡಲಾಗದೆ ಒದ್ದಾಡುತ್ತದೆ; ಅದಕ್ಕೆ ಕ್ಷಣವೂ ತಡಮಾಡದೆ ಚಿಕಿತ್ಸೆ ಬೇಕು.

ಕೆಳಗಿನ ಯಾವುದೇ ಲಕ್ಷಣವಿದ್ದರೂ ಪಶುವೈದ್ಯರನ್ನು ಕಾಣಬೇಕು: ಒಂದು ಹೊಳ್ಳೆಯಿಂದ ಮಾತ್ರ ಕೀವು ಅಥವಾ ರಕ್ತ ಬರುವುದು, ಮುಖ ಊದಿಕೊಳ್ಳುವುದು, ಬಾಯಿಯ ದುರ್ವಾಸನೆ, ಊಟ ಬಿಡುವುದು, ಸೀನುಗಳು ದಿನೇ ದಿನೇ ಹೆಚ್ಚುವುದು, ಹಿಂದೆಂದೂ ಇಲ್ಲದ ಸೀನು ಮುದಿವಯಸ್ಸಿನಲ್ಲಿ ಆರಂಭವಾಗುವುದು. ನಾಲಗೆ, ಒಸಡು ನೀಲಿಗಟ್ಟಿದರೆ ಅಥವಾ ನಾಯಿ ಕುಸಿದು ಬಿದ್ದರೆ ಅದು ತುರ್ತು ಸ್ಥಿತಿ, ಬೆಳಗಾಗಲೆಂದು ಕಾಯಬಾರದು. ವೈದ್ಯರು ಹಲ್ಲು, ಮೂಗು, ಎದೆಗಳನ್ನು ಪರೀಕ್ಷಿಸಿ, ಅಗತ್ಯವೆನಿಸಿದರೆ ಎಕ್ಸ್‌ರೇ ತೆಗೆಸುತ್ತಾರೆ. ಅರಿವಳಿಕೆ ಕೊಟ್ಟು ದರ್ಶಕ ನಳಿಕೆಯಿಂದ ಮೂಗಿನ ಹಿಂಭಾಗವನ್ನು ನೋಡುವ ಸೌಲಭ್ಯ ಪಶುವೈದ್ಯಕೀಯ ಮಹಾವಿದ್ಯಾಲಯಗಳಂಥ ದೊಡ್ಡ ಆಸ್ಪತ್ರೆಗಳಲ್ಲಿ ಸಿಗುತ್ತದೆ. ಕಾರಣ ತಿಳಿದರೆ ಚಿಕಿತ್ಸೆ ಕಷ್ಟವಲ್ಲ. ಊಬನ್ನು ತೆಗೆಯಬಹುದು, ಕೊಳೆತ ಹಲ್ಲನ್ನು ಕೀಳಬಹುದು, ನುಸಿಗೆ, ಅಲರ್ಜಿಗೆ ಔಷಧವಿದೆ. ಅಪರೂಪಕ್ಕೊಮ್ಮೆ ಬಂದುಹೋಗುವ ಸೀನಿಗೆ ಯಾವ ಔಷಧವೂ ಬೇಕಿಲ್ಲ.

ನಿತ್ಯದ ಕಾಳಜಿ

ಪೂಜೆಯ ವೇಳೆಯಲ್ಲಿ ಕಿಟಕಿ ತೆರೆದಿಡುವುದು, ಧೂಪ ಹಾಕುವಾಗ ನಾಯಿಯನ್ನು ಬೇರೆ ಕೋಣೆಯಲ್ಲಿರಿಸುವುದು ದೊಡ್ಡ ಶ್ರಮವೇನಲ್ಲ. ಅದು ಮಲಗುವ ಚಾಪೆ, ಗೋಣಿತಟ್ಟನ್ನು ವಾರಕ್ಕೊಮ್ಮೆ ಒಗೆದು ಬಿಸಿಲಿಗೆ ಹಾಕಬೇಕು. ಕತ್ತಿನ ಪಟ್ಟಿಗೆ ಬದಲಾಗಿ ಎದೆಯನ್ನು ಬಳಸಿ ಕಟ್ಟುವ ಪಟ್ಟಿ ಹಾಕಿದರೆ ಗಂಟಲಿಗೆ ಒತ್ತಡ ತಪ್ಪುತ್ತದೆ. ಹುಲ್ಲಿನಲ್ಲಿ ತಿರುಗಿ ಬಂದಮೇಲೆ ಮೂಗು, ಕಿವಿ, ಬೆರಳುಗಳ ಸಂದಿಯನ್ನು ನೋಡಬೇಕು. ಬೊಜ್ಜು ಬೆಳೆಯಲು ಬಿಡಬಾರದು. ಸೀನು ಬಂದ ದಿನ, ಹೊತ್ತು, ಆಗ ಮನೆಯಲ್ಲಿ ನಡೆಯುತ್ತಿದ್ದ ಕೆಲಸವನ್ನು ಕ್ಯಾಲೆಂಡರಿನ ಅಂಚಿನಲ್ಲಿ ಗುರುತು ಹಾಕಿಕೊಂಡರೆ ಕಾರಣ ತಾನಾಗಿ ಹೊಳೆಯುತ್ತದೆ. ಮರಿಗೆ ಮೂರು ತಿಂಗಳಾದೊಡನೆ ರೇಬೀಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ವರ್ಷವರ್ಷವೂ ಲಸಿಕೆ ಹಾಕಿಸುವುದನ್ನು ಯಾವ ಕಾರಣಕ್ಕೂ ತಪ್ಪಿಸಬಾರದು.

ನಾಯಿ ಅಕಾಲದಲ್ಲಿ ವಿಚಿತ್ರ ದನಿ ಮಾಡಿದರೆ ಮನೆಗೆ ಕೇಡೆಂದು ನಂಬುವವರು ಈಗಲೂ ನಮ್ಮ ನಡುವೆ ಇದ್ದಾರೆ. ಶುಭ ಅಶುಭ ಶಕುನಗಳ ಗೊಡವೆಯನ್ನು ನಮ್ಮ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ತಳ್ಳಿಹಾಕಿದರು. ಹಾವಿನಹಾಳ ಕಲ್ಲಯ್ಯನವರು ನಾಯಿಯಿಂದ ವೇದವನ್ನು ಓದಿಸಿದರೆಂಬ ಕಥೆ ಶರಣ ಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ಲೋಕವು ಹೀನವೆಂದು ದೂರವಿಟ್ಟ ಜೀವವನ್ನೂ ಗೌರವದಿಂದ ಕಾಣಬೇಕೆಂಬುದು ಆ ಕಥೆಯ ತಿರುಳು. ಸಕಲ ಜೀವಿಗಳಲ್ಲಿ ದಯೆಯಿರಬೇಕೆಂದು ಹೇಳುವ ಪರಂಪರೆಯವರಾದ ನಮಗೆ, ಮನೆಯ ಮೂಕಪ್ರಾಣಿ ಗೊರಗುಟ್ಟಿದಾಗ ಅಪಶಕುನವೆಂದು ಬೆದರುವುದು ತಕ್ಕುದಲ್ಲ. ಅದರ ಪಕ್ಕ ಕುಳಿತು ಗಂಟಲು ನೇವರಿಸಿ, ಒಂದು ನಿಮಿಷ ತಾಳ್ಮೆಯಿಂದ ಕಾಯೋಣ. ಅಷ್ಟಕ್ಕೆ ನಿಲ್ಲದಿದ್ದರೆ ವೈದ್ಯರ ಬಳಿಗೆ ಕರೆದೊಯ್ಯೋಣ.