ಸದ್ದಡಗಿಸಿದ ಜೋಡಿ ಸುರುಳಿ

ರೇಡಿಯೊದಲ್ಲಿ ಹಾಡು ಕೇಳುತ್ತಿರುವಾಗ ಕೋಣೆಯ ಟ್ಯೂಬ್‌ಲೈಟ್ ಹಾಕಿದೊಡನೆ ಗರಗರ ಸದ್ದು ಬೆರೆತು ರಸಭಂಗವಾಗುವುದು ನಮ್ಮಲ್ಲಿ ಅನೇಕರ ಅನುಭವ. 1950ರ ದಶಕದಲ್ಲಿ ಎಲೆಕ್ಟ್ರಿಕ್ ಗಿಟಾರ್ ವಾದಕರನ್ನು ಕಾಡುತ್ತಿದ್ದುದೂ ಇಂಥದೇ ಪೀಡೆ. ವಾದಕ ಕೈ ತಡೆದು ಸುಮ್ಮನಾದಾಗಲೂ ಸ್ಪೀಕರ್ ಗುಂಯ್‌ಗುಡುತ್ತಲೇ ಇರುತ್ತಿತ್ತು. ಆ ಸದ್ದನ್ನು ಅಡಗಿಸಲೆಂದು ಹುಟ್ಟಿದ ಅಂಗೈಗಿಂತ ಚಿಕ್ಕದಾದ ಸಾಧನವೊಂದು ಮುಂದೆ ರಾಕ್ ಸಂಗೀತದ ದನಿಯನ್ನೇ ರೂಪಿಸಿತು. ಅದರ ಹಳೆಯ ಮಾದರಿಗಳು ಇಂದು ಸಾವಿರಾರು ಡಾಲರ್‌ಗೆ ಕೈ ಬದಲಾಗುತ್ತವೆ. ಕೊಳ್ಳುವವರು ಬೆಲೆ ಕಟ್ಟುತ್ತಿರುವುದು ನಾದಕ್ಕೋ, ಹೆಸರಿಗೋ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ.

ಗಿಟಾರಿನ ತಂತಿಗಳ ಕೆಳಗೆ ಕೂರುವ ‘ಪಿಕ್‌ಅಪ್’ ಮೂಲತಃ ಒಂದು ಅಯಸ್ಕಾಂತ ಮತ್ತು ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯ ಸುರುಳಿ. ಗಿಟಾರಿನ ಉಕ್ಕಿನ ತಂತಿ ಮಿಡಿದಾಗ ಕಾಂತಕ್ಷೇತ್ರ ಅಲುಗಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ತ್ವವೇ ಇದು. ಆದರೆ ಸುರುಳಿಗೆ ಬೇಕು–ಬೇಡಗಳ ವಿವೇಕವಿಲ್ಲ. ನೆರೆಯ ಟ್ರಾನ್ಸ್‌ಫಾರ್ಮರ್, ದೀಪ, ವೈರುಗಳು ಸೂಸುವ ಕಾಂತಕ್ಷೇತ್ರದ ಏರಿಳಿತವನ್ನೂ ಅದು ಹಿಡಿದುಕೊಳ್ಳುತ್ತದೆ. ಅಮೆರಿಕದಲ್ಲಿ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 60, ನಮ್ಮಲ್ಲಿ 50. ಗುಂಯ್ ಎನ್ನುವ ಸದ್ದು ಹುಟ್ಟುವುದು ಅದರಿಂದಲೇ.

ಹಾವು ಸಾಯಬೇಕು, ಕೋಲು ಮುರಿಯಬಾರದು; ಸದ್ದು ಹೋಗಬೇಕು, ನಾದ ಉಳಿಯಬೇಕು. ಮಿಷಿಗನ್ ರಾಜ್ಯದ ಕಲಮಜೂ ಊರಿನಲ್ಲಿದ್ದ ಗಿಬ್ಸನ್ ಕಾರ್ಖಾನೆಯ ಎಂಜಿನಿಯರ್ ಸೆತ್ ಲವರ್ ಇದಕ್ಕೆ ಕಂಡುಕೊಂಡ ಉಪಾಯ ಸರಳವಾಗಿತ್ತು. ಒಂದರ ಬದಲು ಎರಡು ಸುರುಳಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಹೊರಗಿನ ಸದ್ದು ಅವುಗಳಲ್ಲಿ ಪರಸ್ಪರ ವಿರುದ್ಧವಾಗಿ ಹರಿದು ರದ್ದಾಗುವಂತೆ ಅವರು ಜೋಡಿಸಿದರು. ಇಷ್ಟೇ ಮಾಡಿದ್ದರೆ ಸಂಗೀತವೂ ರದ್ದಾಗುತ್ತಿತ್ತು. ಆದ್ದರಿಂದ ಕೆಳಗಿನ ಅಯಸ್ಕಾಂತದ ಉತ್ತರ ಧ್ರುವ ಒಂದು ಸುರುಳಿಗೂ ದಕ್ಷಿಣ ಧ್ರುವ ಇನ್ನೊಂದಕ್ಕೂ ತಾಗುವಂತೆ ಮಾಡಿದರು. ಹೀಗೆ ತಂತಿಯ ನಾದ ಎರಡರಲ್ಲೂ ಕೂಡಿಕೊಂಡಿತು, ಸದ್ದು ಮಾತ್ರ ಕಳೆದುಹೋಯಿತು. ‘ಹಮ್’ ಎಂಬ ಆ ಸದ್ದನ್ನು ಎದುರಿಸುವ ಈ ಸಾಧನಕ್ಕೆ ‘ಹಂಬಕರ್’ ಎಂಬ ಹೆಸರು ನಿಂತಿತು. ಪೇಟೆಂಟಿಗೆ ಅರ್ಜಿ ಹೋದದ್ದು 1955ರ ಜೂನ್‌ನಲ್ಲಿ. ಸರಿಸುಮಾರು ಅದೇ ಕಾಲದಲ್ಲಿ ರೇ ಬಟ್ಸ್ ಎಂಬವರೂ ಗ್ರೆಚ್ ಕಂಪನಿಗಾಗಿ ಸ್ವತಂತ್ರವಾಗಿ ಇಂಥದೇ ಪಿಕ್‌ಅಪ್ ರೂಪಿಸಿದ್ದರು.

ಸದ್ದು ಅಡಗಿತು, ಜತೆಗೆ ದನಿಯೂ ಬದಲಾಯಿತು. ಹಂಬಕರ್ ಒಂದೇ ತಂತಿಯನ್ನು ಅಕ್ಕಪಕ್ಕದ ಎರಡು ಬಿಂದುಗಳಲ್ಲಿ ಆಲಿಸುತ್ತದೆ. ಅತಿ ಎತ್ತರದ ಕೆಲವು ಉಪಸ್ವರಗಳಲ್ಲಿ ಆ ಎರಡು ಬಿಂದುಗಳು ವಿರುದ್ಧ ದಿಕ್ಕಿಗೆ ಕಂಪಿಸುವುದರಿಂದ ಅವು ಕ್ಷೀಣಿಸುತ್ತವೆ. ಒಂಟಿ ಸುರುಳಿಯ ಚುರುಕು ಮೊನಚಿನ ಬದಲಿಗೆ ದುಂಡನೆಯ, ತುಂಬಿದ ನಾದ ಮೂಡುತ್ತದೆ.

ಕಥೆಯ ಸ್ವಾರಸ್ಯವಿರುವುದು ಇದರಾಚೆಗೆ. ಪ್ರತಿ ಸುರುಳಿಗೆ ಸುಮಾರು 5,000 ಸುತ್ತು ಇರಬೇಕಿತ್ತು. ಆದರೆ ಆರಂಭದ ಯಂತ್ರಗಳಲ್ಲಿ ನಿಖರವಾಗಿ ನಿಲ್ಲಿಸುವ ವ್ಯವಸ್ಥೆ ಇರಲಿಲ್ಲ. ಸುತ್ತುವವರ ಕಣ್ಣಳತೆಯೇ ಆಧಾರ. ಅಯಸ್ಕಾಂತದ ದರ್ಜೆಯೂ ಒಂದೇ ಆಗಿರಲಿಲ್ಲ. ಹೀಗಾಗಿ ಆ ಕಾಲದ ಪಿಕ್‌ಅಪ್‌ಗಳ ವಿದ್ಯುತ್ ರೋಧ ಸುಮಾರು 7,000ದಿಂದ 9,000 ಓಮ್‌ವರೆಗೆ ಏರಿಳಿಯುತ್ತದೆ. ಎರಡು ಸುರುಳಿಗಳು ಅಸಮವಾದಾಗ ಹೊರಗಿನ ಸದ್ದು ಪೂರ್ತಿ ಅಳಿಯುವುದಿಲ್ಲ. ಆದರೆ ಉಪಸ್ವರಗಳೂ ಪೂರ್ತಿ ಅಳಿಯುವುದಿಲ್ಲ. ನಾದಕ್ಕೆ ಸ್ಪಷ್ಟತೆಯ ಒಂದು ಅಂಚು ಉಳಿಯುತ್ತದೆ. ಎಂಜಿನಿಯರನ ದೃಷ್ಟಿಯಲ್ಲಿ ದೋಷವಾದದ್ದು ಕೇಳುಗನ ಕಿವಿಗೆ ಗುಣವಾಯಿತು.

ಅದರ ಬೆಲೆ ಲೋಕಕ್ಕೆ ತಿಳಿದದ್ದು ತಡವಾಗಿ. ಈ ಪಿಕ್‌ಅಪ್ ಹೊತ್ತ ‘ಲೆಸ್ ಪಾಲ್ ಸ್ಟ್ಯಾಂಡರ್ಡ್’ ಗಿಟಾರ್ 1958ರಿಂದ 1960ರವರೆಗೆ ತಯಾರಾಗಿ, ನಿರೀಕ್ಷಿಸಿದಷ್ಟು ಮಾರಾಟವಾಗದೆ ನಿಂತುಹೋಗಿತ್ತು. 1966ರಲ್ಲಿ ಜಾನ್ ಮೆಯಾಲ್ ತಂಡದ ಆಲ್ಬಂನಲ್ಲಿ ಎರಿಕ್ ಕ್ಲಾಪ್ಟನ್ ಅಂಥದೊಂದನ್ನು ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿ ಗಟ್ಟಿಯಾಗಿ ನುಡಿಸಿದರು. ಹಂಬಕರ್‌ನ ಬಲವಾದ ಸಂಕೇತಕ್ಕೆ ಆಂಪ್ಲಿಫೈಯರಿನ ವಾಲ್ವ್‌ಗಳು ತತ್ತರಿಸಿ, ಬಹುಹೊತ್ತು ನಿಲ್ಲುವ ಒರಟು–ಮಧುರ ನಾದ ಹೊಮ್ಮಿತು. ಆ ನಾದವನ್ನು ಅರಸಿ ಯುವಕರು ಹಳೆಯ ಗಿಟಾರ್‌ಗಳ ಬೆನ್ನು ಹತ್ತಿದರು.

ಅಲ್ಲಿಂದ ಮುಂದೆ ಕಿವಿಯ ಜಾಗಕ್ಕೆ ಕಣ್ಣು ಬಂತು. ಹಳೆಯ ಪಿಕ್‌ಅಪ್‌ಗಳ ತಳದಲ್ಲಿ ‘ಪೇಟೆಂಟಿಗೆ ಅರ್ಜಿ ಸಲ್ಲಿಸಲಾಗಿದೆ’ ಎಂಬ ಅರ್ಥದ ಇಂಗ್ಲಿಷ್ ಚೀಟಿ ಇರುತ್ತಿತ್ತು. 1959ರ ಜುಲೈಯಲ್ಲಿ ಪೇಟೆಂಟ್ ದೊರೆತ ಮೇಲೂ ಸುಮಾರು 1962ರವರೆಗೆ ಅದೇ ಚೀಟಿ ಮುಂದುವರಿಯಿತು. ಆಮೇಲೆ ಬಂದ ಚೀಟಿಯಲ್ಲಿ ಮುದ್ರಿಸಿದ್ದು ಬೇರೊಂದು ಬಿಡಿಭಾಗದ ಪೇಟೆಂಟ್ ಸಂಖ್ಯೆ! ಚೀಟಿ ಬದಲಾದ ಹೊತ್ತಿನಲ್ಲಿ ಒಳಗಿನ ರಚನೆ ಹೆಚ್ಚೇನೂ ಬದಲಾಗಿರಲಿಲ್ಲ. ಆದರೂ ಹಳೆಯ ಚೀಟಿಯದ್ದಕ್ಕೇ ಹೆಚ್ಚು ಬೆಲೆ. ಕಪ್ಪು ಪ್ಲಾಸ್ಟಿಕ್ ಸಾಲದೆ ಕೆನೆಬಣ್ಣದ ಪ್ಲಾಸ್ಟಿಕ್ಕಿನ ಮೇಲೆ ಸುತ್ತಿದ ಸುರುಳಿಗಳಿಗಂತೂ ಇನ್ನೂ ಹೆಚ್ಚು. ಬಣ್ಣ ಕಿವಿಗೆ ಕೇಳಿಸುವುದೇ?

ಈ ಮೋಹಕ್ಕೆ ಬಲಿಯಾಗುತ್ತಿರುವುದು ವಾದ್ಯಗಳು. ಅದೇ ಕಾಲದ ಬೇರೆ ಒಳ್ಳೆಯ ಗಿಟಾರ್‌ಗಳಿಂದ ಪಿಕ್‌ಅಪ್ ಕಿತ್ತು ಮಾರುವುದುಂಟು. ನಕಲಿ ಚೀಟಿಗಳೂ ಸುಳಿದಾಡುತ್ತವೆ. ಸುರುಳಿಗಳನ್ನು ಬೇಕೆಂದೇ ಅಸಮವಾಗಿ ಸುತ್ತಿದ ಹೊಸ ಪಿಕ್‌ಅಪ್‌ಗಳು ಈಗ ಸಾಮಾನ್ಯ ವಾದಕನಿಗೂ ಎಟಕುವ ಬೆಲೆಗೆ ಸಿಗುತ್ತವೆ. 1997ರಲ್ಲಿ ತೀರಿಕೊಂಡ ಲವರ್ ತಮ್ಮ ಕೊನೆಯ ವರ್ಷಗಳಲ್ಲಿ ಸೆಮರ್ ಡಂಕನ್ ಕಂಪನಿಯ ಜತೆಗೂಡಿ ತಮ್ಮ ಹಳೆಯ ವಿನ್ಯಾಸಕ್ಕೆ ಮರುಜೀವ ಕೊಟ್ಟಿದ್ದರು. ನಾದ ಬೇಕಾದವರಿಗೆ ದಾರಿಯಿದೆ. ಹಾಗಿರುವಾಗ ಅಳಿದುಳಿದ ಹಳೆಯ ಗಿಟಾರ್‌ಗಳನ್ನು ಬಿಚ್ಚದೆ, ತಿಜೋರಿಯಲ್ಲಿ ಮುಚ್ಚಿಡದೆ ನುಡಿಸಬಲ್ಲವರ ಕೈಗೆ ಕೊಡುವುದೇ ವಿವೇಕ. ಲವರ್ ಅಡಗಿಸಹೊರಟದ್ದು ಗುಂಯ್ ಎನ್ನುವ ಸದ್ದನ್ನು ಮಾತ್ರ.