ಮೊದಲು ವಿಳಾಸ, ಆಮೇಲೆ ಕಥೆ

ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೊರಟ ತಾಯಿಯ ಸೂಟ್‌ಕೇಸಿನಲ್ಲಿ ಏನೇನಿರುತ್ತದೆ ಎಂಬುದನ್ನು ನಾನು ಹಲವು ಸಲ ಕಂಡಿದ್ದೇನೆ. ಅಂಟಿನುಂಡೆ, ಚಟ್ನಿಪುಡಿ, ಸಾರಿನಪುಡಿ, ಓಮ, ಮಗುವಿಗೆ ಬಜೆ, ಅಳಿಯನಿಗೆ ಕೋಡುಬಳೆ. ವಿಮಾನದವರು ಹೇಳಿದ ತೂಕ ಮೀರದಂತೆ ಮೂರು ಸಲ ತೂಗಿಯೂ ಆಗಿರುತ್ತದೆ. ಹೆರಿಗೆ ರಜೆ ಮುಗಿದು ಮಗಳೂ ಕಚೇರಿಗೆ ಹೋಗಿರುವ ಒಂದು ಮಧ್ಯಾಹ್ನ, ಯಜಮಾನರು ಎದೆ ಹಿಡಿದುಕೊಂಡು ಸೋಫಾಕ್ಕೆ ಒರಗಿದರೆ ಫೋನಿನಲ್ಲಿ ಹೇಳಬೇಕಾದ ನಾಲ್ಕು ಮಾತು ಮಾತ್ರ ಅದರಲ್ಲಿರುವುದಿಲ್ಲ.

ನಮ್ಮ ಎದುರು ಮನೆಯ ದಂಪತಿಗೆ ನ್ಯೂಜೆರ್ಸಿಯಲ್ಲಿ ಆದದ್ದು ಇದೇ. 911 ಎಂದು ಮಗಳು ದಪ್ಪಕ್ಷರದಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದ್ದಳು. ತಾಯಿ ಅದನ್ನು ಒತ್ತಲಿಲ್ಲ. ಮಗಳಿಗೆ ಮಾಡಿದರು, ಮೀಟಿಂಗಿನಲ್ಲಿದ್ದ ಮಗಳು ಎತ್ತಲಿಲ್ಲ. ಬೆಂಗಳೂರಿನಲ್ಲಿ ನಡುರಾತ್ರಿ ಮಲಗಿದ್ದ ಮಗನನ್ನು ಎಬ್ಬಿಸಿದರು. ಅವನು ಅಕ್ಕನ ಪರಿಚಯದವರೊಬ್ಬರನ್ನು ಹಿಡಿದು, ಅವರು 911ಕ್ಕೆ ತಿಳಿಸಿ, ಆಂಬುಲೆನ್ಸ್ ಬಾಗಿಲಿಗೆ ಬರುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು. ಯಜಮಾನರು ಉಳಿದರು. ಈಗ ಬೀದಿಯ ತಿರುವಿನವರೆಗೆ ನಡೆಯಲು ಅವರು ಎರಡು ಕಡೆ ನಿಲ್ಲುತ್ತಾರೆ. “ನಂಬರು ಗೊತ್ತಿತ್ತು ಮೇಷ್ಟ್ರೇ, ಮಾತು ಗೊತ್ತಿರಲಿಲ್ಲ. ತಪ್ಪುತಪ್ಪು ಇಂಗ್ಲಿಷಿನಲ್ಲಿ ಪೊಲೀಸರ ಹತ್ತಿರ ಏನು ಮಾತಾಡೋದು ಅಂತ ಹೆದರಿಕೊಂಡೆ” ಎಂದರು ಆಕೆ.

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸಿದವನು. ಷೇಕ್ಸ್‌ಪಿಯರನನ್ನು ಕಲಿಸಿದ್ದೇನೆ, ಕರ್ಮಣಿ ಪ್ರಯೋಗವನ್ನು ಕಲಿಸಿದ್ದೇನೆ. ಆಂಬುಲೆನ್ಸ್ ಕರೆಯುವುದನ್ನು ಒಬ್ಬರಿಗೂ ಕಲಿಸಿರಲಿಲ್ಲ. ಆಕೆಯ ಮಾತು ಮನಸ್ಸಿನಲ್ಲಿ ಕೊರೆಯತೊಡಗಿದ ಮೇಲೆ ಶನಿವಾರ ಸಂಜೆಗಳಲ್ಲಿ ನಮ್ಮ ಮನೆಯಲ್ಲಿ ಒಂದು ಅಭ್ಯಾಸ ಆರಂಭವಾಯಿತು. ಮಕ್ಕಳ ಬಳಿಗೆ ಹೊರಟ ಹಿರಿಯರು ನಡುಮನೆಯಲ್ಲಿ ಕೂರುತ್ತಾರೆ; ನಾನು ಫೋನು ಹಿಡಿದು ಅಡುಗೆಮನೆಗೆ ಹೋಗಿ 911ರ ಆಪರೇಟರ್ ಆಗುತ್ತೇನೆ. ಮುಖ ಕಾಣಬಾರದು ಎಂಬುದು ಇಲ್ಲಿನ ಏಕೈಕ ನಿಯಮ. ನಮ್ಮವರ ಇಂಗ್ಲಿಷಿನಲ್ಲಿ ಅರ್ಧದಷ್ಟು ಕೈಸನ್ನೆಯಲ್ಲಿ, ಕಣ್ಸನ್ನೆಯಲ್ಲಿ ನಡೆಯುತ್ತದೆ. ಫೋನು ಅದನ್ನು ಸಾಗಿಸುವುದಿಲ್ಲ.

ಸಂಕಟಕ್ಕೊಂದು ಸಂಖ್ಯೆ ಎಂಬ ಕಲ್ಪನೆ ಹಳೆಯದು. ಲಂಡನ್ನಿನಲ್ಲಿ 1937ರಲ್ಲಿ 999 ಬಂತು. 911ರ ಮೊದಲ ಕರೆ ಹೋದದ್ದು 1968ರ ಫೆಬ್ರುವರಿ 16ರಂದು, ಅಲಬಾಮಾ ರಾಜ್ಯದ ಹೇಲಿವಿಲ್ ಎಂಬ ಸಣ್ಣ ಊರಿನಿಂದ. ಈ ಅಲಬಾಮಾದ ಪ್ರಸ್ತಾಪ ಮುಂದೆ ಇನ್ನೊಮ್ಮೆ ಬರಲಿದೆ.

ಆಪರೇಟರ್ ಸಾಮಾನ್ಯವಾಗಿ ಮೊದಲು ಕೇಳುವುದು ‘ವೇರ್ ಈಸ್ ಯುವರ್ ಎಮರ್ಜೆನ್ಸಿ?’ ಎಂದು. ಏನಾಯಿತು ಎಂದಲ್ಲ, ಎಲ್ಲಿ ಎಂದು. ಕರೆ ಕಡಿದುಹೋದರೂ ವಾಹನ ಹೊರಡಿಸಲು ಅದೊಂದು ಸಾಕು. ನಮ್ಮ ಮಾತಿನ ಜಾಡು ಬೇರೆ. ನಾವು ಬೆಳಗಿನಿಂದ ಆರಂಭಿಸುತ್ತೇವೆ. ಚೆನ್ನಾಗಿಯೇ ಇದ್ದರು, ಎರಡು ದೋಸೆ ತಿಂದರು, ಆಮೇಲೆ ಯಾಕೋ ಸಂಕಟ ಅಂದರು, ನಾನು ಮಜ್ಜಿಗೆ ಕೊಟ್ಟೆ... ಮಜ್ಜಿಗೆಯವರೆಗೆ ಬರುವಾಗ ಒಂದು ನಿಮಿಷ ಮುಗಿದಿರುತ್ತದೆ. ಇನ್ನು ವಿಳಾಸ ಹೇಳುವುದೆಂದರೆ ನಮಗೆ ಗುರುತು ಹೇಳುವುದು: ಗಣಪತಿ ಗುಡಿಯ ಹಿಂದೆ, ರೇಷನ್ ಅಂಗಡಿ ಎದುರು. ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ, ಮೂರು ಸಲ ಅಮೆರಿಕಕ್ಕೆ ಹೋಗಿ ಬಂದವರು, ಮಗನ ಮನೆಯ ವಿಳಾಸ ಕೇಳಿದಾಗ ‘ನಿಯರ್ ಪಟೇಲ್ ಸ್ಟೋರ್’ ಎಂದರು. ಮೊಬೈಲ್ ಫೋನು ಕಟ್ಟಡವನ್ನು ತೋರಿಸಿಕೊಟ್ಟರೂ ಮೂರನೆಯ ಮಹಡಿಯಲ್ಲಿ ಯಾವ ಬಾಗಿಲು ಎಂದು ಹೇಳಬೇಕಾದವರು ನಾವೇ. ಮನೆಯ ಸಂಖ್ಯೆ, ಬೀದಿ, ಅಪಾರ್ಟ್‌ಮೆಂಟ್ ಸಂಖ್ಯೆ, ಊರು ಎಂಬ ಈ ಕ್ರಮವನ್ನು ನಾನು ಸಹಸ್ರನಾಮದಂತೆ ಬಾಯಿಪಾಠ ಮಾಡಿಸುತ್ತೇನೆ. ವ್ಯಾಕರಣದ ಗೊಡವೆಗೆ ಹೋಗುವುದಿಲ್ಲ. ‘ಹಸ್ಬೆಂಡ್. ಚೆಸ್ಟ್ ಪೇನ್. ನೋ ಬ್ರೀದಿಂಗ್ ಪ್ರಾಪರ್ಲಿ’ ಎಂದರೆ ಯಾವ ಆಪರೇಟರೂ ಅಂಕ ಕಳೆಯುವುದಿಲ್ಲ.

ತೊಡಕಾಗುವುದು ತಪ್ಪು ಇಂಗ್ಲಿಷಿನಿಂದಲ್ಲ, ನಾವು ಸರಿ ಎಂದುಕೊಂಡಿರುವ ಇಂಗ್ಲಿಷಿನಿಂದ. ‘ಲೂಸ್ ಮೋಷನ್’ ಎಂದರೆ ಅಲ್ಲಿಯವರಿಗೆ ತಿಳಿಯದು. ‘ಫಿಟ್ಸ್’ಗೆ ಅಲ್ಲಿ ‘ಸೀಷರ್’ ಎನ್ನುತ್ತಾರೆ. ಎದೆಯುರಿಯನ್ನು ವಿವರಿಸಲು ಹೊರಟ ಒಬ್ಬರು ‘ಗ್ಯಾಸ್ ಪ್ರಾಬ್ಲಮ್ ಇನ್ ದಿ ಹೌಸ್’ ಎಂದಾಗ ಅಡುಗೆಮನೆಯಲ್ಲಿದ್ದ ನಾನು ಅಗ್ನಿಶಾಮಕ ದಳವನ್ನೇ ಕಳಿಸಿದೆ. ಎಲ್ಲರೂ ನಕ್ಕರು. ಅಲ್ಲಿ ಎಷ್ಟೋ ಊರುಗಳಲ್ಲಿ ಎದೆನೋವಿಗೂ ಆಂಬುಲೆನ್ಸಿನ ಜೊತೆ ಅಗ್ನಿಶಾಮಕ ವಾಹನವೇ ಬರುತ್ತದೆ, ಅದನ್ನು ಕಂಡು ಬಾಗಿಲು ಹಾಕಿಕೊಳ್ಳಬಾರದು ಎಂಬುದನ್ನೂ ಆ ನಗುವಿನ ನಡುವೆಯೇ ಹೇಳಬೇಕಾಯಿತು.

ಇನ್ನೊಂದು ರೋಗ ‘ಯಸ್’. ಅರ್ಥವಾಗದಿದ್ದರೂ ಹೂಂಗುಟ್ಟುವುದು ನಮ್ಮ ಸೌಜನ್ಯ. ಉಸಿರಾಡುತ್ತಿದ್ದಾರೆಯೇ? ಯಸ್. ಉಸಿರಾಟ ನಿಂತಿದೆಯೇ? ಯಸ್ ಯಸ್. ಈ ಎರಡು ಉತ್ತರಗಳ ನಡುವೆ ಒಂದು ಜೀವವಿರುತ್ತದೆ. ‘ಐ ಡೋಂಟ್ ಅಂಡರ್‌ಸ್ಟ್ಯಾಂಡ್’ ಎನ್ನಲು ನಾಚಬಾರದೆಂದು ಹೇಳಿಹೇಳಿ ನನಗೇ ಸಾಕಾಗಿದೆ.

ಹಾಗೆಂದ ಮೇಲೆ ಹೇಳಬೇಕಾದ್ದು ನಮ್ಮ ಭಾಷೆಯ ಹೆಸರು. ಫೋನಿನಲ್ಲೇ ದುಭಾಷಿಯನ್ನು ಸೇರಿಸಿಕೊಳ್ಳುವ ಏರ್ಪಾಡು ಅನೇಕ 911 ಕೇಂದ್ರಗಳಲ್ಲಿದೆ. ಇಂಗ್ಲಿಷ್ ಬಾರದವರಿಗೆ ಸರ್ಕಾರಿ ಸೇವೆ ಎಟುಕಬೇಕೆಂದು 2000ದಲ್ಲಿ ಅಧ್ಯಕ್ಷ ಕ್ಲಿಂಟನ್ ಹೊರಡಿಸಿದ್ದ ಆದೇಶವನ್ನು 2025ರ ಮಾರ್ಚ್‌ನಲ್ಲಿ ಟ್ರಂಪ್ ರದ್ದುಪಡಿಸಿ, ಇಂಗ್ಲಿಷನ್ನು ಅಧಿಕೃತ ಭಾಷೆಯೆಂದು ಸಾರಿದರು. ಆದರೂ ಆ ಆದೇಶಕ್ಕೆ ಆಧಾರವಾಗಿದ್ದ 1964ರ ನಾಗರಿಕ ಹಕ್ಕುಗಳ ಕಾಯ್ದೆ ಉಳಿದಿದೆ. ತಮಾಷೆಯೆಂದರೆ, ‘ಕನ್ನಡ’ ಎಂದರೆ ಅವರ ಕಿವಿಗೆ ‘ಕೆನಡಾ’ ಎಂದು ಬೀಳುತ್ತದೆ. ‘ಇಂಡಿಯನ್’ ಎಂದರೆ ಹಿಂದಿಯ ದುಭಾಷಿ ಬರಬಹುದು. ಆದ್ದರಿಂದ ‘ಕನ್ನಡ ಲ್ಯಾಂಗ್ವೇಜ್, ಸೌತ್ ಇಂಡಿಯಾ’ ಎಂದು ಬಿಡಿಸಿ ಹೇಳುವುದನ್ನು ಅಭ್ಯಾಸ ಮಾಡಿಸುತ್ತೇನೆ. ನಮ್ಮ ಭಾಷೆಯ ಹೆಸರನ್ನು ಪರದೇಶದವರಿಗೆ ಕೇಳಿಸುವಂತೆ ಉಚ್ಚರಿಸಲು ಕನ್ನಡಿಗರಿಗೆ ಪಾಠ ಹೇಳುವ ಕಾಲ ಬರುತ್ತದೆಂದು ನಾನು ಎಣಿಸಿರಲಿಲ್ಲ.

ಪೊಲೀಸರೊಡನೆ ಮಾತಾಡುವ ಪಾಠದಲ್ಲಿ ನಾಲಿಗೆಗಿಂತ ಕೈಗಳಿಗೆ ಕೆಲಸ ಹೆಚ್ಚು. ನಮ್ಮಲ್ಲಿ ಪೊಲೀಸರು ಗಾಡಿ ತಡೆದರೆ ಇಳಿದು, ಹತ್ತಿರ ಹೋಗಿ, ‘ಸಾರ್’ ಎನ್ನುವುದು ಮರ್ಯಾದೆ. ಅಲ್ಲಿ ಇಳಿಯದೆ, ಎರಡೂ ಕೈ ಕಾಣುವಂತಿಟ್ಟುಕೊಂಡು ಕೂತಿರುವುದೇ ಮರ್ಯಾದೆ. ನಮ್ಮ ಹಿರಿಯರು ಪಾಸ್‌ಪೋರ್ಟನ್ನು ಬನಿಯನ್ನಿನ ಒಳಜೇಬಿನಲ್ಲಿ ಭದ್ರಮಾಡಿರುತ್ತಾರೆ. ಹೆಸರು ಕೇಳಿದ ಕೂಡಲೇ ಕೈ ಅಲ್ಲಿಗೆ ಹೋಗುತ್ತದೆ. ಎದುರಿಗಿರುವವನು ಬಂದೂಕು ಧರಿಸಿದವನು, ಒಳಜೇಬಿಗೆ ಹೋಗುವ ಕೈಯನ್ನು ಅವನು ಬೇರೆಯೇ ರೀತಿ ಓದಬಹುದು. ‘ಪಾಸ್‌ಪೋರ್ಟ್ ಇನ್ ಪಾಕೆಟ್. ಮೇ ಐ ಟೇಕ್?’ ಎಂದು ಕೇಳಿ, ಒಪ್ಪಿಗೆ ಸಿಕ್ಕ ಮೇಲಷ್ಟೇ ಕೈ ಚಲಿಸಬೇಕು. ಒಬ್ಬ ಹಳೆಯ ಮುಖ್ಯೋಪಾಧ್ಯಾಯರಿಗೆ ಇದನ್ನು ಆರು ಸಲ ಮಾಡಿಸಿದೆ. ಆರು ಸಲವೂ ಕೈ ಮೊದಲು ಹೋಯಿತು.

ಅಲಬಾಮಾ ನೆನಪಾಗುವುದು ಇಂಥಲ್ಲಿ. 2015ರ ಫೆಬ್ರುವರಿಯಲ್ಲಿ ಅಲ್ಲಿನ ಮ್ಯಾಡಿಸನ್ ಎಂಬ ಊರಿನಲ್ಲಿ, ಮೊಮ್ಮಗನನ್ನು ನೋಡಿಕೊಳ್ಳಲು ಗುಜರಾತಿನಿಂದ ಹೋಗಿದ್ದ 57 ವರ್ಷದ ಹಿರಿಯರೊಬ್ಬರು ಮಗನ ಮನೆಯ ಆಸುಪಾಸಿನಲ್ಲಿ ನಡೆದಾಡುತ್ತಿದ್ದರು. ನೆರೆಯವರೊಬ್ಬರು ಅನುಮಾನಪಟ್ಟು ಪೊಲೀಸರಿಗೆ ಕರೆ ಮಾಡಿದರು. ಬಂದ ಪೊಲೀಸರಿಗೆ ಈ ಹಿರಿಯರು ‘ನೋ ಇಂಗ್ಲಿಷ್’ ಎಂದರು, ‘ಇಂಡಿಯಾ’ ಎಂದರು, ಮಗನ ಮನೆಯ ಸಂಖ್ಯೆ ಹೇಳಿದರು. ಪೊಲೀಸ್ ಅಧಿಕಾರಿಯೊಬ್ಬ ಅವರನ್ನು ನೆಲಕ್ಕೆ ಕೆಡವಿದ. ಬೆನ್ನುಹುರಿಗೆ ಪೆಟ್ಟಾಗಿ ದೇಹ ಭಾಗಶಃ ನಿಶ್ಚೇಷ್ಟಿತವಾಯಿತು. ಪೊಲೀಸ್ ವಾಹನದ ಕ್ಯಾಮೆರಾದಲ್ಲಿ ದಾಖಲಾದ ಆ ದೃಶ್ಯವನ್ನು ಜಗತ್ತೇ ನೋಡಿತು. ಅಧಿಕಾರಿಯ ವಿಚಾರಣೆ ಎರಡು ಸಲ ನಡೆದು, ಎರಡು ಸಲವೂ ಜ್ಯೂರಿಯಲ್ಲಿ ಒಮ್ಮತ ಮೂಡಲಿಲ್ಲ. 2016ರ ಜನವರಿಯಲ್ಲಿ ನ್ಯಾಯಾಧೀಶರು ಅವನನ್ನು ಖುಲಾಸೆಗೊಳಿಸಿದರು.

ಶನಿವಾರದ ಗುಂಪಿಗೆ ಈ ಪ್ರಕರಣವನ್ನು ಹೇಳಬೇಕೆ ಎಂದು ಬಹಳ ಯೋಚಿಸಿದ್ದೇನೆ. ನಾನು ಕಲಿಸುವುದನ್ನೆಲ್ಲ ಅವರು ಹೆಚ್ಚುಕಡಿಮೆ ಹೇಳಿಯೇ ಇದ್ದರು: ಭಾಷೆ ಬಾರದು, ಯಾವ ದೇಶ, ಯಾವ ಮನೆ. ಮೂರು ಮಾತಿನ ಇಂಗ್ಲಿಷ್ ಸಾಲದಾದದ್ದು ಅವರ ಬಾಯಲ್ಲಲ್ಲ, ಕೇಳುವವರ ಕಿವಿಯಲ್ಲಿ. ಸಂಭಾಷಣೆಯ ಇನ್ನರ್ಧವನ್ನು ಅಭ್ಯಾಸ ಮಾಡಬೇಕಾದವರು ಅಲ್ಲಿ ಸಮವಸ್ತ್ರದಲ್ಲಿದ್ದಾರೆ. ಅವರು ನಮ್ಮ ನಡುಮನೆಗೆ ಬರುವುದಿಲ್ಲ. ಕೊನೆಗೆ ಹೇಳಿದೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮುಖ್ಯೋಪಾಧ್ಯಾಯರು ಎದ್ದು, ಏಳನೆಯ ಸಲ ಮಾಡುತ್ತೇನೆ ಎಂದರು. ಆ ಸಲ ಕೈಗಳು ಕೆಳಗೇ ಇದ್ದವು.

ಎದುರು ಮನೆಯಾಕೆ ಬರುವ ತಿಂಗಳು ಮತ್ತೆ ಮಗಳ ಬಳಿಗೆ ಹೊರಟಿದ್ದಾರೆ. ಕಳೆದ ಶನಿವಾರ, ಈ ಸಲ ಆಪರೇಟರ್ ನಾನಾಗುತ್ತೇನೆ ಎಂದು ಫೋನು ಹಿಡಿದು ಅಡುಗೆಮನೆಗೆ ಹೋದರು. ನಾನು ನಡುಮನೆಯಲ್ಲಿ ಕೂತೆ. “ವೇರ್ ಈಸ್ ಯುವರ್ ಎಮರ್ಜೆನ್ಸಿ?” ಎಂದು ಅಲ್ಲಿಂದ ಖಡಕ್ಕಾಗಿ ಪ್ರಶ್ನೆ ಬಂತು. ಟೆಕ್ಸಾಸಿನಲ್ಲಿರುವ ನನ್ನ ಮಗನ ಮನೆಯ ಸಂಖ್ಯೆ ನನಗೆ ಹೊಳೆಯಲಿಲ್ಲ. ಅದು ಫೋನಿನಲ್ಲಿ ಬರೆದಿಟ್ಟಿತ್ತು, ಫೋನು ಕಿವಿಯಲ್ಲಿತ್ತು. “ಬೇಗ ಹೇಳಿ ಮೇಷ್ಟ್ರೇ” ಎಂದರು ಆಕೆ, ಕನ್ನಡದಲ್ಲಿ.